ಲಿನಕ್ಸ್‌ನಲ್ಲಿ ಓಡಿದ ಸಾಕೆಟ್ ಕೋಡ್ ವಿಂಡೋಸ್‌ನಲ್ಲಿ ಯಾಕೆ ಎಡವುತ್ತದೆ?

ಕೆಲವು ವರ್ಷಗಳ ಹಿಂದೆ, ಲಿನಕ್ಸ್‌ನಲ್ಲಿ ಬರೆದಿದ್ದ ಒಂದು ಸಣ್ಣ ಕ್ಲೈಂಟ್ ಪ್ರೋಗ್ರಾಂ ಅನ್ನು ವಿಂಡೋಸ್‌ಗೆ ತರಬೇಕಾಯಿತು. ಸಿ ಭಾಷೆಯ ಕೋಡ್, ನೆಟ್‌ವರ್ಕ್ ಮೂಲಕ ಮಾತಾಡಲು ಸಾಕೆಟ್ ಬಳಸುವಂಥದ್ದು. ಸಾಕೆಟ್ ಎಂದರೆ ಎರಡು ಪ್ರೋಗ್ರಾಂಗಳ ನಡುವಿನ ಸಂಪರ್ಕದ ಒಂದು ತುದಿ. ಸರ್ವರ್‌ಗೆ ಒಂದು ಪ್ರಶ್ನೆ ಕಳಿಸುವುದು, ಉತ್ತರಕ್ಕಾಗಿ ಹೆಚ್ಚೆಂದರೆ 5 ಸೆಕೆಂಡ್ ಕಾಯುವುದು. ಅಷ್ಟೇ ಅದರ ಕೆಲಸ. ಮೊದಲ ಸಲ ಕಂಪೈಲ್ ಮಾಡಿದಾಗ ತೆರೆ ತುಂಬ ಎರರ್‌ಗಳು. ಒಂದೊಂದನ್ನೇ ಸರಿ ಮಾಡುತ್ತಾ ಹೋದೆ. ಊಟದ ಹೊತ್ತಿಗೆ ಎಲ್ಲವೂ ಹೋಗಿದ್ದವು. ಓಡಿಸಿ ನೋಡಿದೆ, ಓಡಿತು.

ಮರುದಿನದಿಂದ ದೂರು ಶುರುವಾಯಿತು. ಕೆಲವು ಪ್ರಶ್ನೆಗಳಿಗೆ ಉತ್ತರ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಸರ್ವರ್ ತಟ್ಟನೆ ಉತ್ತರಿಸಿದರೆ ಸರಿ. ಒಂದಿಷ್ಟು ಲೆಕ್ಕ ಮಾಡಿ ನಿಧಾನಕ್ಕೆ ಉತ್ತರಿಸಿದರೆ ನನ್ನ ಕ್ಲೈಂಟ್ ಅಷ್ಟು ಹೊತ್ತು ಕಾಯುವುದೇ ಇಲ್ಲ. ಲಿನಕ್ಸ್‌ನಲ್ಲಿ ಇದೇ ಕೋಡ್ ತಿಂಗಳುಗಟ್ಟಲೆ ಯಾವ ತಕರಾರೂ ಇಲ್ಲದೆ ನಡೆದಿತ್ತು.

ತಪ್ಪು ಒಂದೇ ಒಂದು ಸಾಲಿನಲ್ಲಿತ್ತು. ಎಷ್ಟು ಹೊತ್ತು ಕಾಯಬೇಕು ಎಂದು ಸಾಕೆಟ್‌ಗೆ ಹೇಳಲು ಸೆಟ್‌ಸಾಕ್‌ಆಪ್ಟ್ ಎಂಬ ಫಂಕ್ಷನ್ ಇದೆ. ಲಿನಕ್ಸ್‌ನಲ್ಲಿ ಅದಕ್ಕೆ ಎರಡು ಅಂಕಿಗಳಿರುವ ಒಂದು ಸ್ಟ್ರಕ್ಟ್ ಕೊಡಬೇಕು. ಮೊದಲನೆಯದು ಸೆಕೆಂಡ್, ಎರಡನೆಯದು ಮೈಕ್ರೋಸೆಕೆಂಡ್. ನಾನು 5 ಮತ್ತು 0 ಕೊಟ್ಟಿದ್ದೆ. ವಿಂಡೋಸ್‌ನಲ್ಲೂ ಅದೇ ಫಂಕ್ಷನ್, ಅದೇ ಆಯ್ಕೆಯ ಹೆಸರು. ಆದರೆ ಅದು ನಿರೀಕ್ಷಿಸುವುದು ಸ್ಟ್ರಕ್ಟ್ ಅಲ್ಲ, 4 ಬೈಟ್‌ನ ಒಂದು ಅಂಕಿ. ಅದೂ ಮಿಲಿಸೆಕೆಂಡ್ ಲೆಕ್ಕದಲ್ಲಿ. ನನ್ನ ಸ್ಟ್ರಕ್ಟ್‌ನ ಮೊದಲ 4 ಬೈಟ್‌ಗಳನ್ನು ಅದು ಓದಿಕೊಂಡಿತು. ಅಲ್ಲಿದ್ದದ್ದು 5. ಹಾಗಾಗಿ ನಾನು ಹೇಳಿದ 5 ಸೆಕೆಂಡ್ ಅದಕ್ಕೆ 5 ಮಿಲಿಸೆಕೆಂಡ್ ಎಂದು ಕೇಳಿಸಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ಸಾಲಿನ ಬಗ್ಗೆ ಕಂಪೈಲರ್ ನನ್ನನ್ನು ಎಚ್ಚರಿಸಿತ್ತು. ಪಾಯಿಂಟರ್‌ನ, ಅಂದರೆ ಕೊಟ್ಟ ಮೆಮೊರಿ ವಿಳಾಸದ, ಟೈಪ್ ಹೊಂದುತ್ತಿಲ್ಲ ಎಂದಿತ್ತು. ವಿಂಡೋಸ್‌ನಲ್ಲಿ ಆ ಜಾಗಕ್ಕೆ ಕ್ಯಾರೆಕ್ಟರ್ ಪಾಯಿಂಟರ್ ಬೇಕು. ಎಲ್ಲರೂ ಮಾಡುವಂತೆ ನಾನೂ ಸುಮ್ನೆ ಒಂದು ಕಾಸ್ಟ್ ಹಾಕಿ ('ಇದನ್ನು ಆ ಟೈಪ್ ಎಂದೇ ತಿಳಿದುಕೋ' ಎಂದು ಕಂಪೈಲರ್‌ಗೆ ಹೇಳಿ) ಮುಂದೆ ಹೋಗಿದ್ದೆ.

ಆ ದಿನದಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಸಾಕೆಟ್ ಕೋಡ್ ಒಯ್ಯುವಾಗ ಎರಡು ಬಗೆಯ ವ್ಯತ್ಯಾಸಗಳು ಎದುರಾಗುತ್ತವೆ. ಹೆಸರಿನ ವ್ಯತ್ಯಾಸ ಒಂದು, ನಡವಳಿಕೆಯ ವ್ಯತ್ಯಾಸ ಇನ್ನೊಂದು. ಹೆಸರು ಬೇರೆಯಾದರೆ ಕಂಪೈಲರ್ ಕೂಗಿ ಹೇಳುತ್ತದೆ. ನಡವಳಿಕೆ ಬೇರೆಯಾದರೆ ಯಾರೂ ಹೇಳುವುದಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ಬಹಳಷ್ಟು ಸಲಹೆಗಳು ಮೊದಲನೆಯದನ್ನೇ ಹಿಡಿದುಕೊಂಡಿವೆ. ಕಷ್ಟ ಇರುವುದು ಎರಡನೆಯದರಲ್ಲಿ.

ಒಂದೇ ಬೇರು, ಎರಡು ಕೊಂಬೆ

ಈ ಗೊಂದಲ ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ. ಸಾಕೆಟ್ ಎಂಬ ಕಲ್ಪನೆ ಬಳಕೆಗೆ ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ. 1983ರಲ್ಲಿ ಬಿಡುಗಡೆಯಾದ 4.2 ಬಿಎಸ್‌ಡಿ ಎಂಬ ಬರ್ಕ್ಲಿಯ ಯುನಿಕ್ಸ್‌ನಲ್ಲಿ ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್, ಕನೆಕ್ಟ್ ಎಲ್ಲವೂ ಇದ್ದವು. ನಾವು ಇವತ್ತಿಗೂ ಬರೆಯುವುದು ಅವೇ ಹೆಸರುಗಳನ್ನು. ಯುನಿಕ್ಸ್‌ನ ಸ್ವಭಾವಕ್ಕೆ ತಕ್ಕಂತೆ ಅಲ್ಲಿ ಸಾಕೆಟ್ ಕೂಡ ಒಂದು ಫೈಲ್ ಇದ್ದಂತೆ. ಅದಕ್ಕೊಂದು ಸಣ್ಣ ಅಂಕಿ ಸಿಗುತ್ತದೆ. ಫೈಲ್ ಓದುವ ಫಂಕ್ಷನ್‌ನಿಂದಲೇ ಅದನ್ನೂ ಓದಬಹುದು, ಫೈಲ್ ಮುಚ್ಚುವ ಫಂಕ್ಷನ್‌ನಿಂದಲೇ ಮುಚ್ಚಬಹುದು.

ವಿಂಡೋಸ್‌ನ ಕಥೆ ಬೇರೆ. 1990ರ ದಶಕದ ಆರಂಭದಲ್ಲಿ ವಿಂಡೋಸ್‌ನೊಳಗೆ ಇಂಟರ್‌ನೆಟ್‌ನ ಸಂವಹನ ನಿಯಮಗಳಾದ ಟಿಸಿಪಿ/ಐಪಿ ಇರಲಿಲ್ಲ. ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ನೆಟ್‌ವರ್ಕ್ ಸಾಫ್ಟ್‌ವೇರ್ ಮಾರುತ್ತಿದ್ದವು. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. 1991ರ ಇಂಟೆರಾಪ್ ಸಮ್ಮೇಳನದಲ್ಲಿ ಇದರ ಬಗ್ಗೆ ಮಾತುಕತೆ ನಡೆಯಿತು. ಎಲ್ಲರೂ ಒಪ್ಪಿ ಒಂದೇ ರೂಪ ಕೊಡೋಣ ಎಂಬ ಯೋಚನೆ ಅಲ್ಲಿ ಮೊಳೆಯಿತು. 1992ರಲ್ಲಿ ವಿಂಡೋಸ್‌ನ ಸಾಕೆಟ್ ರೂಪವಾದ ವಿನ್‌ಸಾಕ್ 1.0 ಬಂತು, 1993ರಲ್ಲಿ 1.1. ಅವರು ಬರ್ಕ್ಲಿಯ ಹೆಸರುಗಳನ್ನೇ ಉಳಿಸಿಕೊಂಡರು. ಆದರೆ ಅದು ಇದ್ದದ್ದು ಸಿಸ್ಟಂನ ಹೊರಗೆ, ಯಾವುದೋ ಕಂಪನಿಯ ಡಿಎಲ್‌ಎಲ್ ಎಂಬ ಲೈಬ್ರರಿ ಫೈಲ್‌ನಲ್ಲಿ. ಹಾಗಾಗಿ ಸಾಕೆಟ್‌ಗೂ ಫೈಲ್‌ಗೂ ಸಂಬಂಧ ಕಟ್ಟುವುದು ಆಗಲಿಲ್ಲ. ಯಾವ ಆವೃತ್ತಿಯ ಡಿಎಲ್‌ಎಲ್ ಇದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ವಿಂಡೋಸ್ ಪ್ರೋಗ್ರಾಂನಲ್ಲಿ ಎಲ್ಲಕ್ಕಿಂತ ಮೊದಲು ಡಬ್ಲ್ಯುಎಸ್‌ಎ ಸ್ಟಾರ್ಟಪ್ ಎಂಬ ಫಂಕ್ಷನ್ ಕರೆಯಬೇಕಲ್ವಾ, ಅದರ ಮೂಲ ಇದೇ. ಈಗ ನೆಟ್‌ವರ್ಕ್ ಕೋಡ್ ವಿಂಡೋಸ್‌ನೊಳಗೇ ಇದೆ, ಕೇಳುವ ಪದ್ಧತಿ ಮಾತ್ರ ಉಳಿದುಕೊಂಡಿದೆ. ಅದನ್ನು ಮರೆತರೆ ಮೊದಲ ಸಾಕೆಟ್ಟೇ ಹುಟ್ಟುವುದಿಲ್ಲ.

ಬರ್ಕ್ಲಿಯ ನಂಟಿನ ಗುರುತು ಎರರ್ ನಂಬರ್‌ಗಳಲ್ಲಿ ಇವತ್ತಿಗೂ ಕಾಣುತ್ತದೆ. ಬಿಎಸ್‌ಡಿಯಲ್ಲಿ 'ಈ ವಿಳಾಸ ಆಗಲೇ ಬಳಕೆಯಲ್ಲಿದೆ' ಎನ್ನುವ ಎರರ್‌ನ ನಂಬರ್ 48. ವಿಂಡೋಸ್‌ನಲ್ಲಿ 10048. 'ಆ ಕಡೆಯವರು ಸಂಪರ್ಕ ಕಡಿದರು' ಎನ್ನುವುದು ಅಲ್ಲಿ 54, ಇಲ್ಲಿ 10054. ಬರ್ಕ್ಲಿಯ ಅಂಕಿಗೆ 10000 ಕೂಡಿಸಿದ್ದಾರೆ, ಅಷ್ಟೇ. ಬಿಎಸ್‌ಡಿಯ ಮನೆತನದ ಮ್ಯಾಕ್‌ನಲ್ಲಿ ಈಗಲೂ 48 ಮತ್ತು 54. ಲಿನಕ್ಸ್ ಮಾತ್ರ ತನ್ನದೇ ದಾರಿ ಹಿಡಿಯಿತು. ನಾವು ಸಾಮಾನ್ಯವಾಗಿ ಬಳಸುವ ಪಿಸಿಗಳ ಲಿನಕ್ಸ್‌ನಲ್ಲಿ ಅವು 98 ಮತ್ತು 104. ಹಾಗಾಗಿ ಎರರ್ ನಂಬರನ್ನು ನೇರವಾಗಿ ಲಾಗ್ ಫೈಲ್‌ಗೆ ಬರೆದು, ಆಮೇಲೆ ಬೇರೆ ಸಿಸ್ಟಂನಲ್ಲಿ ಕೂತು ಓದಿದರೆ ಅರ್ಥವೇ ಆಗುವುದಿಲ್ಲ. ನಂಬರ್ ಜೊತೆಗೆ ಅದರ ಹೆಸರನ್ನೂ ಬರೆಯಿರಿ.

ಹೆಸರಿನ ವ್ಯತ್ಯಾಸಗಳನ್ನು ಬೇಗ ಮುಗಿಸೋಣ. (ಲಿನಕ್ಸ್, ಮ್ಯಾಕ್ ಎರಡೂ ಯುನಿಕ್ಸ್ ಬಗೆಯವೇ.) ಸಾಕೆಟ್ ಮುಚ್ಚಲು ಯುನಿಕ್ಸ್‌ನಲ್ಲಿ ಕ್ಲೋಸ್, ವಿಂಡೋಸ್‌ನಲ್ಲಿ ಕ್ಲೋಸ್‌ಸಾಕೆಟ್. ಫೈಲ್ ಓದುವ ರೀಡ್, ರೈಟ್ ಫಂಕ್ಷನ್‌ಗಳು ವಿಂಡೋಸ್‌ನ ಸಾಕೆಟ್‌ಗೆ ಹೊಂದುವುದಿಲ್ಲ. ಸೆಂಡ್ ಮತ್ತು ರಿಸೀವ್ ಬಳಸಿದರೆ ಎರಡೂ ಕಡೆ ನಡೆಯುತ್ತದೆ. ಎರರ್ ಏನೆಂದು ಕೇಳಲು ಒಂದು ಕಡೆ ಎರ್‌ನೋ, ಇನ್ನೊಂದು ಕಡೆ ಡಬ್ಲ್ಯುಎಸ್‌ಎ ಗೆಟ್ ಲಾಸ್ಟ್ ಎರರ್. ಹೆಡರ್ ಫೈಲ್‌ಗಳು ಬೇರೆ. ವಿಂಡೋಸ್‌ನಲ್ಲಿ ವಿನ್‌ಸಾಕ್2 ಹೆಡರ್ ಮೊದಲು ಬರಬೇಕು, ವಿಂಡೋಸ್ ಹೆಡರ್ ಆಮೇಲೆ. ಅದಲು ಬದಲಾದರೆ ಹಳೆಯ ವಿನ್‌ಸಾಕ್ ಒಳಗೆ ಬಂದು ಎರರ್‌ಗಳ ಮಳೆಯೇ ಸುರಿಯುತ್ತದೆ. ಲಿಂಕ್ ಮಾಡುವಾಗ ಡಬ್ಲ್ಯುಎಸ್2_32 ಲೈಬ್ರರಿ ಸೇರಿಸಬೇಕು. ಇಷ್ಟನ್ನು ಒಂದು ಹೆಡರ್ ಫೈಲ್‌ನಲ್ಲಿ ನಾಲ್ಕಾರು ಮ್ಯಾಕ್ರೋ (ಒಂದು ಹೆಸರಿನ ಬದಲು ಇನ್ನೊಂದನ್ನು ಇಡುವ ಸಾಲು) ಬರೆದು ಮುಗಿಸಬಹುದು. ಒಂದು ಸಂಜೆಯ ಕೆಲಸ.

ಸದ್ದಿಲ್ಲದ ತಪ್ಪುಗಳು

ಈಗ ನಿಜವಾದ ಕಷ್ಟಕ್ಕೆ ಬರೋಣ. ಯುನಿಕ್ಸ್‌ನಲ್ಲಿ ಸಾಕೆಟ್ ತೆರೆಯಲು ಆಗದಿದ್ದರೆ -1 ಸಿಗುತ್ತದೆ. ಹಾಗಾಗಿ 'ಸೊನ್ನೆಗಿಂತ ಕಮ್ಮಿ ಇದೆಯಾ' ಎಂದು ನೋಡುವುದು ರೂಢಿ. ವಿಂಡೋಸ್‌ನಲ್ಲಿ ಸಾಕೆಟ್ ಎನ್ನುವುದು ಋಣ ಚಿಹ್ನೆಯೇ ಇಲ್ಲದ ಅಂಕಿ. ಅದು ಸೊನ್ನೆಗಿಂತ ಕಮ್ಮಿ ಆಗುವುದೇ ಇಲ್ಲ. ಅಂದರೆ ನಿಮ್ಮ ಎರರ್ ಪರೀಕ್ಷೆ ಅಲ್ಲಿ ಇದ್ದೂ ಇಲ್ಲದಂತೆ. ಕಂಪೈಲ್ ಆಗುತ್ತದೆ, ಎಲ್ಲ ಸರಿ ಇರುವ ದಿನ ಓಡುತ್ತದೆ. ಸಾಕೆಟ್ ಸಿಗದ ದಿನ ಪ್ರೋಗ್ರಾಂ ಮುಂದೆ ಎಲ್ಲೋ ಹೋಗಿ ಬೀಳುತ್ತದೆ. ತಪ್ಪು ಆಗಿರುವುದು ಇನ್ನೆಲ್ಲೋ. ಸಾಕೆಟ್‌ಗೆ ನಿಮ್ಮದೇ ಒಂದು ಟೈಪ್ ಹೆಸರು ಇಟ್ಟುಕೊಳ್ಳಿ. 'ಸರಿಯಿದೆಯಾ' ಎಂದು ಕೇಳುವ ಒಂದು ಸಣ್ಣ ಫಂಕ್ಷನ್ ಬರೆದು, ಎಲ್ಲ ಕಡೆ ಅದನ್ನೇ ಕರೆಯಿರಿ.

ಮುಂದಿನದು ಒಂದು ಆಯ್ಕೆಯ ಕಥೆ. ಇದನ್ನು ನೀವೇ ಮಾಡಿ ನೋಡಬಹುದು. ಲಿನಕ್ಸ್‌ನಲ್ಲಿ ಸರ್ವರ್ ಬರೆದವರಿಗೆಲ್ಲ ಎಸ್‌ಓ-ರೀಯೂಸ್‌ಅಡ್ರ್ ಗೊತ್ತು. ಸರ್ವರ್ ನಿಲ್ಲಿಸಿ ತಕ್ಷಣ ಮತ್ತೆ ಶುರು ಮಾಡಿದರೆ 'ವಿಳಾಸ ಬಳಕೆಯಲ್ಲಿದೆ' ಎಂಬ ಎರರ್ ಬರುತ್ತದೆ. ಮುಚ್ಚಿದ ಸಂಪರ್ಕಗಳ ನೆನಪನ್ನು ಟಿಸಿಪಿ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ 60 ಸೆಕೆಂಡ್. ತಡವಾಗಿ ಬಂದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ನುಗ್ಗಬಾರದಲ್ವಾ, ಅದಕ್ಕೆ. ಈ ಆಯ್ಕೆ ಹಾಕಿದರೆ ಕಾಯದೆ ಅದೇ ಪೋರ್ಟ್ (ಸರ್ವರ್ ಕೂತು ಕೇಳುವ ನಂಬರ್) ಮತ್ತೆ ಸಿಗುತ್ತದೆ. ಹಾಗಾಗಿ ಸರ್ವರ್ ಬರೆಯುವಾಗ ಕೈ ತಾನಾಗಿ ಈ ಸಾಲು ಬರೆದುಬಿಡುತ್ತದೆ.

ಈಗ ಒಂದು ಟರ್ಮಿನಲ್‌ನಲ್ಲಿ ಆ ಸರ್ವರ್ ಓಡುತ್ತಿರಲಿ. ಇನ್ನೊಂದು ಟರ್ಮಿನಲ್ ತೆರೆದು ಅದೇ ಸರ್ವರ್‌ನ ಎರಡನೇ ಪ್ರತಿ ಶುರು ಮಾಡಿ. ಲಿನಕ್ಸ್‌ನಲ್ಲಿ ಪೋರ್ಟ್ ಹಿಡಿಯುವ ಬೈಂಡ್ ನಿಂತಲ್ಲೇ ಸೋಲುತ್ತದೆ. ಮೊದಲನೆಯದು ಅಲ್ಲಿ ಕೂತು ಕೇಳುತ್ತಿದೆ, ಜಾಗ ಇಲ್ಲ ಎನ್ನುತ್ತದೆ. ನಮಗೆ ಬೇಕಾದದ್ದೂ ಅದೇ. ವಿಂಡೋಸ್‌ನಲ್ಲಿ ಎರಡನೇ ಪ್ರತಿ ಆರಾಮಾಗಿ ಶುರುವಾಗುತ್ತದೆ. ಯಾವ ಎರರ್ ಕೂಡ ಇಲ್ಲ. ಎರಡು ಟರ್ಮಿನಲ್‌ಗಳಲ್ಲೂ 'ಸರ್ವರ್ ಸಿದ್ಧ' ಎಂದು ಕಾಣುತ್ತದೆ. ಕ್ಲೈಂಟ್ ಬಂದರೆ ಅದು ಯಾರ ಕೈಗೆ ಹೋಗುತ್ತದೆ? ಅದಕ್ಕೆ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ಕಾನ್ಫಿಗ್ ಬದಲಿಸಿ ಸರ್ವರ್ ಮತ್ತೆ ಶುರು ಮಾಡಿದ್ದೀರಿ, ಆದರೂ ಹಳೆಯ ಉತ್ತರವೇ ಬರುತ್ತಿದೆ ಎಂದುಕೊಳ್ಳಿ. ಹಿಂದೆಲ್ಲೋ ನಿಲ್ಲಿಸಲು ಮರೆತ ಒಂದು ಪ್ರತಿ ಉತ್ತರ ಕೊಡುತ್ತಿರಬಹುದು. ಇನ್ನೂ ಕೆಟ್ಟದ್ದೆಂದರೆ, ಬೇರೆ ಪ್ರೋಗ್ರಾಂ ಒಂದು ಬಂದು ನಿಮ್ಮ ಪೋರ್ಟ್‌ನ ಮೇಲೆ ಕೂರಬಹುದು. ಆಗ ಅದು ಭದ್ರತೆಯ ಪ್ರಶ್ನೆ.

ಹೆಸರು ಒಂದೇ, ಅರ್ಥ ಪೂರ್ತಿ ಬೇರೆ. ವಿಂಡೋಸ್‌ನಲ್ಲಿ ಸರ್ವರ್ ಮತ್ತೆ ಏಳಲು ಈ ಆಯ್ಕೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಅಲ್ಲಿ ಹಾಕಬೇಕಾದದ್ದು ಎಸ್‌ಓ-ಎಕ್ಸ್‌ಕ್ಲೂಸಿವ್‌ಅಡ್ರ್‌ಯೂಸ್, 'ಈ ಪೋರ್ಟ್ ನನಗೊಬ್ಬನಿಗೇ' ಎನ್ನುವ ಆಯ್ಕೆ. ಪೈಥಾನ್‌ನ ಅಸಿಂಕ್‌ಐಓ ಎಂಬ ಲೈಬ್ರರಿ ಕೂಡ ರೀಯೂಸ್ ಆಯ್ಕೆಯನ್ನು ತಾನಾಗಿ ಹಾಕುವುದು ಯುನಿಕ್ಸ್ ಬಗೆಯ ಸಿಸ್ಟಂಗಳಲ್ಲಿ ಮಾತ್ರ. ನಿಮ್ಮ ಕೋಡ್‌ನಲ್ಲಿ 'ಸರ್ವರ್‌ಗೆ ಪೋರ್ಟ್ ಹಿಡಿ' ಎಂಬ ಒಂದು ಫಂಕ್ಷನ್ ಇರಲಿ. ಅದರೊಳಗೆ ಎರಡು ಸಿಸ್ಟಂಗಳಿಗೆ ಎರಡು ಬೇರೆ ಆಯ್ಕೆಗಳು ಇರಲಿ.

ಇನ್ನು ಕಾಯದೆ ಸಂಪರ್ಕ ಮಾಡುವ ವಿಷಯ. ಸಾಕೆಟ್ ಅನ್ನು ನಾನ್‌ಬ್ಲಾಕಿಂಗ್ ಮಾಡಿ ಕನೆಕ್ಟ್ ಕರೆದರೆ ಅದು ತಕ್ಷಣ ವಾಪಸ್ ಬರುತ್ತದೆ. 'ಕೆಲಸ ನಡೆಯುತ್ತಿದೆ, ಆಮೇಲೆ ನೋಡು' ಎನ್ನುತ್ತದೆ. ಯುನಿಕ್ಸ್‌ನಲ್ಲಿ ಆ ಮಾತಿನ ಹೆಸರು ಇ-ಇನ್‌ಪ್ರೋಗ್ರೆಸ್. ವಿಂಡೋಸ್‌ನಲ್ಲೂ ಡಬ್ಲ್ಯುಎಸ್‌ಎ-ಇ-ಇನ್‌ಪ್ರೋಗ್ರೆಸ್ ಎಂಬ ಹೆಸರು ಇದೆ. ಎರಡನ್ನೂ ಒಂದು ಮ್ಯಾಕ್ರೋದಿಂದ ಜೋಡಿಸಿದರೆ ಮುಗಿಯಿತಲ್ವಾ? ಇಲ್ಲ. ವಿಂಡೋಸ್‌ನ ಆ ಎರರ್ ವಿನ್‌ಸಾಕ್ 1.1 ಕಾಲದ ಬೇರೊಂದು ಪರಿಸ್ಥಿತಿಗೆ ಸೇರಿದ್ದು. ಕನೆಕ್ಟ್ ನಡೆಯುತ್ತಿದೆ ಎನ್ನಲು ಅಲ್ಲಿ ಬರುವುದು ಡಬ್ಲ್ಯುಎಸ್‌ಎ-ಇ-ವುಡ್‌ಬ್ಲಾಕ್, ನಂಬರ್ 10035. ಇದರ ಮೇಲೆ ಇನ್ನೊಂದು ತೊಡಕು ಇದೆ. ವಿಷುಯಲ್ ಸ್ಟುಡಿಯೋ 2010ರಿಂದ ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯಲ್ಲೂ ಇ-ವುಡ್‌ಬ್ಲಾಕ್ ಎಂಬ ಹೆಸರು ಬಂದಿದೆ. ಅದರ ನಂಬರ್ 140. ಯುನಿಕ್ಸ್ ಕೋಡ್‌ನ ಆ ಹೆಸರು ವಿಂಡೋಸ್‌ನಲ್ಲಿ ಕಂಪೈಲ್ ಆಗಿಬಿಡುತ್ತದೆ. 10035 ಮತ್ತು 140 ಎಂದೂ ಸಮ ಆಗುವುದಿಲ್ಲ. ನಿಮ್ಮ ಕೋಡ್ ಪ್ರತಿ ಸಲವೂ 'ಇದು ಬೇರೆ ಏನೋ ಎರರ್' ಎಂದುಕೊಂಡು ಸಂಪರ್ಕ ಮುಚ್ಚುತ್ತದೆ.

ಸಂಪರ್ಕ ಆಯಿತೋ ಇಲ್ಲವೋ ಎಂದು ತಿಳಿಯಲು ಸೆಲೆಕ್ಟ್ ಎಂಬ ಫಂಕ್ಷನ್ ಇದೆ. ಮೂರು ಪಟ್ಟಿ ಕೊಡಬೇಕು. ಓದಲು ಸಿದ್ಧವಿರುವ ಸಾಕೆಟ್‌ಗಳದ್ದು ಒಂದು, ಬರೆಯಲು ಸಿದ್ಧವಿರುವವುಗಳದ್ದು ಒಂದು, ವಿಶೇಷ ಸ್ಥಿತಿಯವುಗಳದ್ದು ಇನ್ನೊಂದು. ಯುನಿಕ್ಸ್‌ನಲ್ಲಿ ಕನೆಕ್ಟ್ ಗೆದ್ದರೂ ಸೋತರೂ ಸಾಕೆಟ್ 'ಬರೆಯಲು ಸಿದ್ಧ' ಪಟ್ಟಿಯಲ್ಲಿ ಕಾಣುತ್ತದೆ. ಆಮೇಲೆ ಎರರ್ ಏನಾದರೂ ಇದೆಯಾ ಎಂದು ಕೇಳಬೇಕು. ವಿಂಡೋಸ್‌ನಲ್ಲಿ ಗೆದ್ದರೆ ಮಾತ್ರ ಆ ಪಟ್ಟಿ. ಸೋತರೆ ಮೂರನೇ ಪಟ್ಟಿ. ಯುನಿಕ್ಸ್‌ನವರು ಮೂರನೇ ಪಟ್ಟಿಯ ಜಾಗವನ್ನು ಖಾಲಿ ಬಿಡುವುದೇ ಜಾಸ್ತಿ. ಅಂಥ ಕೋಡ್ ವಿಂಡೋಸ್‌ನಲ್ಲಿ ಸೋಲನ್ನು ನೋಡುವುದೇ ಇಲ್ಲ. ಟೈಮ್‌ಔಟ್ ಆಗುವ ತನಕ ಕಾಯುತ್ತಾ ಕೂರುತ್ತದೆ. ಮೂರನೇ ಪಟ್ಟಿಯನ್ನೂ ಕೊಟ್ಟರೆ ಎರಡೂ ಕಡೆ ಸರಿ.

ಸೆಲೆಕ್ಟ್ ಹಳೆಯದು, ಅದೇ ಕೆಲಸ ಮಾಡುವ ಪೋಲ್ ಬಳಸೋಣ ಎನ್ನಬಹುದು. ವಿಂಡೋಸ್ ವಿಸ್ಟಾದಿಂದ ಡಬ್ಲ್ಯುಎಸ್‌ಎ-ಪೋಲ್ ಇದೆ. ಆದರೆ ಸೋತ ಕನೆಕ್ಟ್ ಬಗ್ಗೆ ಅದು ಬಹಳ ವರ್ಷ ಬಾಯಿ ಬಿಡುತ್ತಲೇ ಇರಲಿಲ್ಲ. ವಿಂಡೋಸ್ 10ರ 2004 ಎಂಬ ಆವೃತ್ತಿಯಲ್ಲಿ ಅದು ಸರಿಯಾಯಿತು. ಹಳೆಯ ವಿಂಡೋಸ್‌ನಲ್ಲೂ ನಿಮ್ಮ ಪ್ರೋಗ್ರಾಂ ಓಡಬೇಕೆಂದರೆ ಇದು ನೆನಪಿರಲಿ.

ಸೆಲೆಕ್ಟ್‌ಗೂ ಒಂದು ಮಿತಿ ಇದೆ. ವಿಂಡೋಸ್‌ನಲ್ಲಿ ಒಂದು ಪಟ್ಟಿಗೆ ಮಾಮೂಲಿಯಾಗಿ 64 ಸಾಕೆಟ್ ಹಿಡಿಯುತ್ತದೆ. ಹೆಡರ್ ಸೇರಿಸುವ ಮೊದಲು ಆ ಅಂಕಿ ಹೆಚ್ಚಿಸಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಮಿತಿ 1024, ಆದರೆ ಅದು ಎಣಿಕೆಯ ಮಿತಿ ಅಲ್ಲ. ಸಾಕೆಟ್‌ನ ಅಂಕಿಯೇ 1024ಕ್ಕಿಂತ ಕಮ್ಮಿ ಇರಬೇಕು. ಒಂದೇ ಸಾಕೆಟ್ ನೋಡುತ್ತಿದ್ದರೂ ಅದರ ಅಂಕಿ 1500 ಆಗಿದ್ದರೆ, ಪಟ್ಟಿಗೆ ಸೇರಿಸುವಾಗ ಪಕ್ಕದ ಮೆಮೊರಿ ಕೆಡುತ್ತದೆ. ಜಾಸ್ತಿ ಫೈಲ್ ತೆರೆಯುವ ಪ್ರೋಗ್ರಾಂಗಳಲ್ಲಿ ಇದು ನಿಜವಾಗಿ ಆಗುತ್ತದೆ.

ಯುನಿಕ್ಸ್‌ಗಳ ನಡುವೆಯೂ ಜಗಳ ಇದೆ. ವಿಂಡೋಸ್ ಒಂದನ್ನೇ ದೂರುವುದು ಸರಿಯಲ್ಲ. ಆ ಕಡೆಯವರು ಮುಚ್ಚಿದ ಸಾಕೆಟ್‌ಗೆ ಬರೆಯಲು ಹೋದರೆ ಯುನಿಕ್ಸ್ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸುತ್ತದೆ. ಅದನ್ನು ಹಿಡಿಯದಿದ್ದರೆ ಇಡೀ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ವಿಂಡೋಸ್‌ನಲ್ಲಿ ಈ ಸಿಗ್ನಲ್ ಇಲ್ಲ, ಬರೀ ಎರರ್ ಬರುತ್ತದೆ. ಹಾಗಾಗಿ ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದ ಸರ್ವರ್‌ಗಳು ಒಬ್ಬ ಬಳಕೆದಾರ ಬ್ರೌಸರ್ ಮುಚ್ಚಿದ ಕೂಡಲೇ ಮಾಯವಾಗುವುದುಂಟು. ಲಿನಕ್ಸ್‌ನಲ್ಲಿ ಸೆಂಡ್ ಕರೆಯುವಾಗಲೇ ಎಂಎಸ್‌ಜಿ-ನೋಸಿಗ್ನಲ್ ಕೊಟ್ಟು ಇದನ್ನು ತಡೆಯಬಹುದು. ಮ್ಯಾಕ್‌ನಲ್ಲಿ ಬಹುಕಾಲದಿಂದ ಇರುವ ದಾರಿ ಎಂದರೆ, ಸಾಕೆಟ್ ಹುಟ್ಟಿದಾಗಲೇ ಎಸ್‌ಓ-ನೋಸಿಗ್‌ಪೈಪ್ ಹಾಕುವುದು. ಕೆಲಸ ಒಂದೇ. ಒಂದನ್ನು ಪ್ರತಿ ಸಲ ಹೇಳಬೇಕು, ಇನ್ನೊಂದನ್ನು ಒಂದೇ ಸಲ.

ನಾನ್‌ಬ್ಲಾಕಿಂಗ್ ಸ್ಥಿತಿಯ ವಾರಸುದಾರಿಕೆಯೂ ಹಾಗೆಯೇ. ಲಿಸನ್ ಮಾಡುವ ಸಾಕೆಟ್ ನಾನ್‌ಬ್ಲಾಕಿಂಗ್ ಆಗಿದ್ದರೆ, ಆಕ್ಸೆಪ್ಟ್‌ನಿಂದ ಬಂದ ಹೊಸ ಸಾಕೆಟ್ ಬಿಎಸ್‌ಡಿಯಲ್ಲಿ ಮತ್ತು ವಿಂಡೋಸ್‌ನಲ್ಲಿ ಅದೇ ಗುಣ ಪಡೆಯುತ್ತದೆ. ಲಿನಕ್ಸ್‌ನಲ್ಲಿ ಪಡೆಯುವುದಿಲ್ಲ. ಯಾವುದನ್ನೂ ನಂಬದೆ, ಹೊಸ ಸಾಕೆಟ್ ಸಿಕ್ಕ ತಕ್ಷಣ ನಿಮಗೆ ಬೇಕಾದ ಸ್ಥಿತಿಯನ್ನು ನೀವೇ ಹಾಕಿಬಿಡಿ. ಹೊಸ ಬಗೆಯ ಇಂಟರ್‌ನೆಟ್ ವಿಳಾಸ ಬಳಸುವ ಐಪಿವಿ6 ಸಾಕೆಟ್ ವಿಷಯದಲ್ಲೂ ಇದೇ ಮಾತು. ಲಿನಕ್ಸ್‌ನಲ್ಲಿ ಮಾಮೂಲಿಯಾಗಿ ಒಂದೇ ಐಪಿವಿ6 ಸಾಕೆಟ್ ಹಳೆಯ ಬಗೆಯ ಐಪಿವಿ4ರ ಸಂಪರ್ಕಗಳನ್ನೂ ತೆಗೆದುಕೊಳ್ಳುತ್ತದೆ. ವಿಂಡೋಸ್ ಮತ್ತು ಫ್ರೀಬಿಎಸ್‌ಡಿಯಲ್ಲಿ ಮಾಮೂಲಿಯಾಗಿ ಇಲ್ಲ, ಕೇಳಿದರೆ ಉಂಟು. ಓಪನ್‌ಬಿಎಸ್‌ಡಿಯಲ್ಲಿ ಕೇಳಿದರೂ ಇಲ್ಲ. ಎಲ್ಲ ಕಡೆ ನಡೆಯುವ ದಾರಿ ಒಂದೇ, ಎರಡು ಬೇರೆ ಸಾಕೆಟ್ ತೆರೆಯುವುದು.

ಸಂಪರ್ಕ ಕಟ್ಟದೆ ಬಿಡಿ ಪ್ಯಾಕೆಟ್ ಕಳಿಸುವ ಯುಡಿಪಿ ಬಳಸುವವರಿಗೆ ಒಂದು ಎಚ್ಚರಿಕೆ. ಯಾರೂ ಕೇಳದ ಪೋರ್ಟ್‌ಗೆ ನೀವು ಯುಡಿಪಿ ಪ್ಯಾಕೆಟ್ ಕಳಿಸಿದರೆ, ವಿಂಡೋಸ್‌ನಲ್ಲಿ ನಿಮ್ಮ ಮುಂದಿನ ರಿಸೀವ್ ಕರೆ 10054 ಎಂಬ ಎರರ್ ಕೊಡಬಹುದು. ಯುಡಿಪಿಯಲ್ಲಿ ಸಂಪರ್ಕವೇ ಇಲ್ಲ, 'ಸಂಪರ್ಕ ಕಡಿಯಿತು' ಎಂದರೆ ಏನರ್ಥ ಎಂದು ತಲೆ ಕೆಡಿಸಿಕೊಳ್ಳಬೇಡಿ. ಸಾಕೆಟ್ ಚೆನ್ನಾಗಿಯೇ ಇದೆ. ಆ ಎರರ್ ಬಿಟ್ಟು ಮುಂದಿನ ಪ್ಯಾಕೆಟ್ ಓದಿ. ನೂರು ಜನಕ್ಕೆ ಒಂದೇ ಸಾಕೆಟ್‌ನಿಂದ ಸೇವೆ ಕೊಡುವ ಸರ್ವರ್, ಅವರಲ್ಲಿ ಒಬ್ಬ ಎದ್ದು ಹೋದ ಕಾರಣಕ್ಕೆ ಅಂಗಡಿ ಮುಚ್ಚಬಾರದು.

ಹಾಗಾದರೆ ಕೋಡ್ ಹೇಗಿರಬೇಕು?

ಬಹಳ ಜನ ಮಾಡುವುದು ಹೀಗೆ. ಮೊದಲು ಯುನಿಕ್ಸ್ ಕೋಡ್ ಬರೆಯುತ್ತಾರೆ. ಆಮೇಲೆ ವಿಂಡೋಸ್ ಅನ್ನು ಯುನಿಕ್ಸ್‌ನಂತೆ ಕಾಣಿಸಲು ಮ್ಯಾಕ್ರೋಗಳ ಮುಸುಕು ಹೊದಿಸುತ್ತಾರೆ. ನನಗೆ ಈ ದಾರಿ ಸರಿ ಕಾಣುವುದಿಲ್ಲ. ಕ್ಲೋಸ್ ಎಂಬ ಹೆಸರಿಗೆ ಮ್ಯಾಕ್ರೋ ಹಾಕಿದರೆ ಕೋಡ್ ಓದುವವರಿಗೆ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ರೀಯೂಸ್ ಆಯ್ಕೆಯಂಥ ತಪ್ಪುಗಳು ಬೆಳೆಯುವುದು ಅಂಥ ಭ್ರಮೆಯಲ್ಲೇ.

ಅದರ ಬದಲು ನಿಮ್ಮ ಪ್ರೋಗ್ರಾಂಗೆ ಏನು ಬೇಕೋ ಅದನ್ನು ಅದರದೇ ಮಾತಿನಲ್ಲಿ ಹೇಳಿ. 'ಈ ವಿಳಾಸಕ್ಕೆ ಇಷ್ಟು ಮಿಲಿಸೆಕೆಂಡ್ ಒಳಗೆ ಸಂಪರ್ಕ ಮಾಡು.' 'ಈ ಪೋರ್ಟ್ ಹಿಡಿದು ಕೂರು.' 'ಈ ಬೈಟ್‌ಗಳನ್ನು ಪೂರ್ತಿ ಕಳಿಸು.' ಹೀಗೆ ಹತ್ತು ಹನ್ನೆರಡು ಫಂಕ್ಷನ್‌ಗಳು ಸಾಕು. ಯುನಿಕ್ಸ್‌ಗೆ ಒಂದು ಫೈಲ್, ವಿಂಡೋಸ್‌ಗೆ ಒಂದು ಫೈಲ್. ಉಳಿದ ಕೋಡ್‌ನಲ್ಲಿ ಸಾಕೆಟ್ ಹೆಡರ್ ಎಲ್ಲೂ ಇರಬಾರದು. ಯಾವ ಸಿಸ್ಟಂ ಎಂದು ಕೇಳುವ ಇಫ್‌ಡೆಫ್ ಸಾಲುಗಳು ಕೋಡ್ ತುಂಬ ಹರಡಿಕೊಂಡರೆ, ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವುದೇ ಕಷ್ಟವಾಗುತ್ತದೆ.

ಎರರ್‌ಗಳಿಗೂ ಇದೇ ನಿಯಮ. ಮೇಲಿನ ಕೋಡ್‌ಗೆ ನೂರು ಬಗೆಯ ನಂಬರ್ ಬೇಡ. 'ಇನ್ನೂ ಆಗಿಲ್ಲ, ಆಮೇಲೆ ಬಾ', 'ಆ ಕಡೆಯವರು ಹೋದರು', 'ಸಮಯ ಮೀರಿತು', 'ಬೇರೆ ತೊಂದರೆ'. ಈ ನಾಲ್ಕೈದು ಉತ್ತರಗಳಲ್ಲಿ ಅದರ ಕೆಲಸ ನಡೆಯುತ್ತದೆ. ಮೂಲ ನಂಬರ್ ಮತ್ತು ಹೆಸರನ್ನು ಲಾಗ್‌ಗೆ ಬರೆದಿಟ್ಟರೆ ಸಾಕು. ಎರರ್ ನಂಬರನ್ನು ಮಾತ್ರ ಕರೆ ಮುಗಿದ ಕೂಡಲೇ ಎತ್ತಿಟ್ಟುಕೊಳ್ಳಿ. ನಡುವೆ ಒಂದು ಲಾಗ್ ಸಾಲು ಬರೆದರೂ ಅದು ಬದಲಾಗಬಹುದು.

ಸಾವಿರಾರು ಸಂಪರ್ಕಗಳು ಒಟ್ಟಿಗೆ ಬೇಕಾದಾಗ ಈ ಹತ್ತು ಹನ್ನೆರಡು ಫಂಕ್ಷನ್‌ಗಳು ಸಾಲುವುದಿಲ್ಲ. ಅಲ್ಲಿ ಸಿಸ್ಟಂಗಳು ಬೇರಿನಿಂದಲೇ ಬೇರೆ. ಇದನ್ನು ಊಟದ ಲೆಕ್ಕದಲ್ಲಿ ಹೇಳುತ್ತೇನೆ. ದರ್ಶಿನಿಯಲ್ಲಿ ನಾವು ಟೋಕನ್ ಕೊಟ್ಟು ನಿಲ್ಲುತ್ತೇವೆ. 'ದೋಸೆ ರೆಡಿ' ಎಂದು ಕೂಗುತ್ತಾರೆ. ನಾವೇ ಹೋಗಿ ಎತ್ತಿಕೊಂಡು ಬರಬೇಕು. ಲಿನಕ್ಸ್‌ನ ಇಪೋಲ್, ಬಿಎಸ್‌ಡಿ ಮತ್ತು ಮ್ಯಾಕ್‌ನ ಕೆಕ್ಯೂ ಈ ಬಗೆಯವು. ಡೇಟಾ ಬಂದಿದೆ ಎಂದು ಹೇಳುತ್ತವೆ, ಓದುವುದು ನಮ್ಮ ಕೆಲಸ. ಮದುವೆ ಮನೆಯ ಪಂಕ್ತಿ ಬೇರೆ. ಅಲ್ಲಿ ಮೊದಲೇ ಎಲೆ ಹಾಕಿಕೊಂಡು ಕೂರಬೇಕು. ಬಡಿಸುವವರು ಬಂದು ಎಲೆಗೇ ಬಡಿಸುತ್ತಾರೆ. ವಿಂಡೋಸ್‌ನ ಐಓಸಿಪಿ ಹೀಗೆ. 1994ರ ವಿಂಡೋಸ್ ಎನ್‌ಟಿ 3.5ರಲ್ಲಿ ಬಂದದ್ದು. ಬಫರ್ ಎಂಬ ಎಲೆಯನ್ನು ಮೊದಲೇ ಕೊಡಬೇಕು. ಸಿಸ್ಟಂನ ತಿರುಳಾದ ಕರ್ನಲ್ ಅದಕ್ಕೆ ಡೇಟಾ ತುಂಬಿ 'ಮುಗಿಯಿತು' ಎಂದು ತಿಳಿಸುತ್ತದೆ. ಬಡಿಸಿ ಮುಗಿಯುವ ಮೊದಲು ಎಲೆ ಎತ್ತಿದರೆ ಸಾರು ನೆಲಕ್ಕೆ. ಆ ಬಫರನ್ನು ಬೇಗ ಅಳಿಸಿದರೆ ಬೇರೆಯವರ ಮೆಮೊರಿಯಲ್ಲಿ ಡೇಟಾ ಬೀಳುತ್ತದೆ.

ಎರಡನ್ನೂ ಒಂದೇ ಮಾತಿಗೆ ತರುವುದು ಹೇಗೆ? ಪಂಕ್ತಿಯ ಪದ್ಧತಿಯನ್ನೇ ಮೇಲೆ ಇಟ್ಟುಕೊಳ್ಳುವುದು ಸುಲಭ. ದರ್ಶಿನಿಯಿಂದ ಒಬ್ಬರು ತಟ್ಟೆ ಎತ್ತಿ ತಂದು ಎಲೆಗೆ ಬಡಿಸಬಹುದು. ತಿರುಗಿಸಿ ಮಾಡುವುದು ಕಷ್ಟ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಕೆಳಗೆ ಇರುವ ಲಿಬ್‌ಯುವಿ ಲೈಬ್ರರಿ ಹಿಡಿದದ್ದು ಇದೇ ದಾರಿ. ಸಿ++ನವರಿಗೆ ಬೂಸ್ಟ್‌ನ ಅಸಿಯೋ ಇದೆ, ಅದೂ ಹಾಗೆಯೇ. ಲಿನಕ್ಸ್‌ನಲ್ಲೂ 2019ರ 5.1 ಕರ್ನಲ್‌ನಿಂದ ಐಓ-ಯುರಿಂಗ್ ಬಂದಿದೆ, ಅದು ಪಂಕ್ತಿಯ ಕಡೆಗೇ ವಾಲಿದೆ. ದೊಡ್ಡ ಸರ್ವರ್ ಬರೆಯುವವರಿಗೆ ನನ್ನ ಸಲಹೆ ನೇರ. ಈ ಭಾಗವನ್ನು ಸ್ವಂತ ಬರೆಯಬೇಡಿ. ಲಿಬ್‌ಯುವಿಯಂಥ ಲೈಬ್ರರಿಯ ಹಿಂದೆ ಹಲವು ವರ್ಷಗಳ ದುರಸ್ತಿ ಇದೆ, ಅದು ನಮಗೆ ಒಂದು ತಿಂಗಳಲ್ಲಿ ಸಿಗುವುದಿಲ್ಲ.

ಸಾಕೆಟ್ ಸರಿಯಿದ್ದರೂ ಅದರೊಳಗೆ ಹೋಗುವ ಬೈಟ್‌ಗಳು ಕೈ ಕೊಡಬಹುದು. ಸ್ಟ್ರಕ್ಟ್ ಅನ್ನು ಇದ್ದ ಹಾಗೇ ಎತ್ತಿ ನೆಟ್‌ವರ್ಕ್‌ಗೆ ಹಾಕಬೇಡಿ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ನಡುವೆ ಕಂಪೈಲರ್ ಸೇರಿಸುವ ಖಾಲಿ ಜಾಗವೂ ಬೇರೆ ಬೇರೆ. ಒಂದೊಂದು ಅಂಕಿಯನ್ನೂ ದೊಡ್ಡ ಬೈಟ್ ಮೊದಲು ಎಂಬ ಕ್ರಮದಲ್ಲಿ ಶಿಫ್ಟ್ ಮಾಡಿ ಬರೆಯಿರಿ, ಹಾಗೇ ಓದಿ. ಆಗ ಯಂತ್ರ ಯಾವುದಾದರೂ ಆಗಲಿ. ಟಿಸಿಪಿಗೆ ಸಂದೇಶದ ಗಡಿ ಗೊತ್ತಿಲ್ಲ ಎಂಬುದೂ ನೆನಪಿರಲಿ. 100 ಬೈಟ್ ಕಳಿಸಿದರೆ ಆ ಕಡೆ 60 ಮತ್ತು 40 ಆಗಿ ಬರಬಹುದು. ಒಂದೇ ಯಂತ್ರದೊಳಗೆ ಪರೀಕ್ಷಿಸಿದಾಗ ಬಹುತೇಕ ಒಟ್ಟಿಗೇ ಬರುತ್ತದೆ. ಬೇರೆ ಸಿಸ್ಟಂಗೆ ಹೋದಾಗ ಒಡೆಯುತ್ತದೆ. ಆಗ ಎಲ್ಲರೂ ಸಿಸ್ಟಂ ಅನ್ನು ಬೈಯುತ್ತಾರೆ. ತಪ್ಪು ಮೊದಲಿನಿಂದಲೂ ಕೋಡ್‌ನಲ್ಲೇ ಇರುತ್ತದೆ.

ಪರೀಕ್ಷೆ ಮಾಡುವಾಗ ಎಲ್ಲ ಸರಿ ಇರುವ ದಾರಿಯನ್ನು ಎಲ್ಲ ಸಿಸ್ಟಂನಲ್ಲೂ ಓಡಿಸಿ ಸಮಾಧಾನ ಪಡಬೇಡಿ. ಆ ದಾರಿಯಲ್ಲಿ ಸಿಸ್ಟಂಗಳು ಹೆಚ್ಚೂಕಮ್ಮಿ ಒಂದೇ ಥರ ನಡೆದುಕೊಳ್ಳುತ್ತವೆ. ಬೇರೆಯಾಗುವುದು ಸೋಲಿನ ದಾರಿಯಲ್ಲಿ. ಯಾರೂ ಇಲ್ಲದ ಪೋರ್ಟ್‌ಗೆ ಸಂಪರ್ಕ ಮಾಡಿ ನೋಡಿ. ಸರ್ವರ್‌ನ ಎರಡನೇ ಪ್ರತಿ ಶುರು ಮಾಡಿ. ದೊಡ್ಡ ಫೈಲ್ ಕಳಿಸುತ್ತಿರುವಾಗ ಕ್ಲೈಂಟ್ ಅನ್ನು ಕೊಲ್ಲಿ. ಒಂದೊಂದೇ ಬೈಟ್ ಕಳಿಸುವ ಸರ್ವರ್ ಬರೆದು ಅದಕ್ಕೆ ನಿಮ್ಮ ಕ್ಲೈಂಟ್ ಹಚ್ಚಿ. ಗಿಟ್‌ಹಬ್ ಆ್ಯಕ್ಷನ್ಸ್‌ನಂಥ ಸೇವೆಗಳಲ್ಲಿ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಸಿಗುತ್ತವೆ. ಕೋಡ್ ಬದಲಾದಾಗಲೆಲ್ಲ ಇವು ಮೂರರಲ್ಲೂ ತಾವಾಗಿ ಓಡುವಂತೆ ಇಡಬಹುದು.

ನನ್ನ ಪ್ರಾಜೆಕ್ಟ್‌ಗಳಲ್ಲಿ ಈಗ ಮೊದಲು ಓಡುವ ಪರೀಕ್ಷೆ ಒಂದು ಮಂದಗತಿಯ ಸರ್ವರ್. ಹದಿನೈದು ಸಾಲಿನ ಪೈಥಾನ್ ಕೋಡ್. ಪ್ರಶ್ನೆ ಬಂದ ಮೇಲೆ 3 ಸೆಕೆಂಡ್ ಸುಮ್ಮನಿದ್ದು ಉತ್ತರಿಸುತ್ತದೆ, ಎರಡನೇ ಸಲ 7 ಸೆಕೆಂಡ್ ಬಿಟ್ಟು. ಮೊದಲನೆಯದನ್ನು ಕ್ಲೈಂಟ್ ಕಾದು ತೆಗೆದುಕೊಳ್ಳಬೇಕು. ಎರಡನೆಯದರಲ್ಲಿ 5 ಸೆಕೆಂಡ್‌ಗೆ ಕೈ ಬಿಡಬೇಕು.